ಎದ್ದು ಹೋಗಲು ಬಾಗಿಲಿಲ್ಲದ ಮನೆ

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ನ್ಯಾಯಾಲಯದ ಕಲಾಪ ಶುರುವಾಗುತ್ತದೆ. ನ್ಯಾಯಾಧೀಶೆ ಅಮ್ಮ. ಮಡಿಲಲ್ಲಿ ಮರುದಿನದ ಹುರುಳಿಕಾಯಿ, ಕಣ್ಣು ಟಿವಿಯ ಬಿಗ್ ಬಾಸ್ ಮನೆಯ ಮೇಲೆ. ಒಳಗೆ ಯಾರೋ ಅರ್ಧ ಲೋಟ ಹಾಲಿನ ಲೆಕ್ಕಕ್ಕಾಗಿ ಗಂಟಲು ಹರಿದುಕೊಳ್ಳುತ್ತಿರುತ್ತಾರೆ. "ಓದಿದವರು ಹೀಗೆ ಆಡುತ್ತಾರೇನು? ನಾನಾಗಿದ್ದರೆ ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದೆ" ಎಂದು ತೀರ್ಪು ಬರುತ್ತದೆ. ಪ್ರತಿ ಸೀಸನ್ನಿಗೂ ಇದೇ ತೀರ್ಪು. ಒಮ್ಮೆ ಮಾತ್ರ ನಾನು ಕೇಳಿದೆ: "ಎದ್ದು ಎಲ್ಲಿಗೆ ಹೋಗುತ್ತಿದ್ದೆಯಮ್ಮ?"

ಅಮ್ಮ ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಉತ್ತರ ಸಿಗಲಿಲ್ಲ. ಉತ್ತರ ಸಿಗದಂತೆ ನೋಡಿಕೊಂಡೇ ಆ ಮನೆಯನ್ನು ಕಟ್ಟಿರುತ್ತಾರೆ.

ಹಾಡಿನ ಸ್ಪರ್ಧೆ, ಕುಣಿತದ ಸ್ಪರ್ಧೆ, ರಸಪ್ರಶ್ನೆ ಇವೆಲ್ಲವೂ ರಿಯಾಲಿಟಿ ಶೋಗಳೇ. ಆದರೆ ಅಲ್ಲಿನ ಸ್ಪರ್ಧಿ ಚಿತ್ರೀಕರಣ ಮುಗಿದ ಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ನಾನು ಹೇಳಹೊರಟಿರುವುದು ಬದುಕನ್ನೇ ಸ್ಪರ್ಧೆಯಾಗಿಸುವ ಬಗೆಯ ಬಗ್ಗೆ, ನಮ್ಮ ಪತ್ರಿಕೆಗಳು 'ದೊಡ್ಮನೆ' ಎಂದು ಕರೆಯುವ ಬಿಗ್ ಬಾಸ್ ಬಗ್ಗೆ. ಇದರ ಮೂಲ ನೆದರ್ಲೆಂಡ್ಸ್. ಜಾನ್ ಡಿ ಮೋಲ್ ಅವರ ಕಂಪನಿ 1999ರ ಸೆಪ್ಟೆಂಬರಿನಲ್ಲಿ 'ಬಿಗ್ ಬ್ರದರ್' ಎಂಬ ಹೆಸರಿನಲ್ಲಿ ಅಪರಿಚಿತರನ್ನು ಒಂದು ಮನೆಯೊಳಗೆ ಕೂಡಿಹಾಕಿ, ಸುತ್ತ ಕ್ಯಾಮೆರಾ ಇಟ್ಟು, ನೂರಕ್ಕೂ ಹೆಚ್ಚು ದಿನ ತೋರಿಸಿತು. 2006ರಲ್ಲಿ ಅದು ಹಿಂದಿಗೆ ಬಂದಿತು. ಕನ್ನಡಕ್ಕೆ ಬಂದದ್ದು 2013ರ ಮಾರ್ಚ್‌ನಲ್ಲಿ, ಈಟಿವಿ ಕನ್ನಡದಲ್ಲಿ, ಸುದೀಪ್ ನಿರೂಪಣೆಯಲ್ಲಿ. ಮೊದಲ ಕನ್ನಡ ಮನೆ ಇದ್ದದ್ದು ಮಹಾರಾಷ್ಟ್ರದ ಲೋಣಾವಳದಲ್ಲಿ. ಬಿಡದಿಗೆ ಬಂದದ್ದು ಆಮೇಲೆ. ಆ ಸಲ ಗೆದ್ದವರು ವಿಜಯ್ ರಾಘವೇಂದ್ರ.

ಈಗ ನೀವೇ ಸ್ಪರ್ಧಿ ಎಂದುಕೊಳ್ಳಿ.

ಪ್ರವೇಶಕ್ಕೆ ಮುಂಚೆಯೇ ನಿಮ್ಮಿಂದ ಒಂದೊಂದನ್ನಾಗಿ ಬಿಡಿಸಿಕೊಳ್ಳುತ್ತಾರೆ. ಮೊಬೈಲ್, ಕೈಗಡಿಯಾರ, ಪತ್ರಿಕೆ, ಹೊರಗಿನ ಸುದ್ದಿ. ಬದಲಿಗೆ ಒಂದು ವಸ್ತು ಸಿಗುತ್ತದೆ, ಮೈಕ್. ಸ್ನಾನ ಮತ್ತು ನಿದ್ದೆಯ ಹೊತ್ತು ಬಿಟ್ಟರೆ ಅದು ತಾಳಿಗಿಂತ ಹೆಚ್ಚು ನಿಷ್ಠೆಯಿಂದ ಮೈಮೇಲಿರಬೇಕು. ಅದನ್ನು ಕೈಯಲ್ಲಿ ಮುಚ್ಚಿ ಪಿಸುಗುಟ್ಟಿದರೆ ಮೈಕ್ ಸರಿಪಡಿಸಿಕೊಳ್ಳಿ ಎಂದು ಧ್ವನಿವರ್ಧಕದಿಂದ ಆಜ್ಞೆ ಬರುತ್ತದೆ. ಕನ್ನಡಿಗಳೆಲ್ಲ ಒಂದು ಕಡೆಯಿಂದ ಮಾತ್ರ ಕನ್ನಡಿಗಳು. ಅವುಗಳ ಹಿಂದೆ ಕಪ್ಪು ಪರದೆಯ ಓಣಿಯಿದ್ದು, ಅಲ್ಲಿ ಕ್ಯಾಮೆರಾದವರು ಸದ್ದಿಲ್ಲದೆ ಓಡಾಡುತ್ತಿರುತ್ತಾರೆ. ನೀವು ಹಲ್ಲುಜ್ಜುತ್ತ ನಿಮ್ಮನ್ನೇ ನೋಡಿಕೊಳ್ಳುವಾಗ ಆಚೆ ಬದಿಯಲ್ಲಿ ಇನ್ನೊಬ್ಬರೂ ನಿಮ್ಮನ್ನೇ ನೋಡುತ್ತಿರಬಹುದು.

ಕ್ಯಾಮೆರಾವನ್ನು ಮನುಷ್ಯ ಬೇಗ ಮರೆಯುತ್ತಾನೆ. ಗಡಿಯಾರವಿಲ್ಲದಿರುವುದಕ್ಕೆ ಹೊಂದಿಕೊಳ್ಳುವುದು ಅಷ್ಟು ಸುಲಭವಲ್ಲ. ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ 1962ರಲ್ಲಿ ಗಡಿಯಾರವಿಲ್ಲದೆ ಒಂದು ಗುಹೆಯೊಳಗೆ ಎರಡು ತಿಂಗಳು ಒಬ್ಬರೇ ಇದ್ದರು. ಸೆಪ್ಟೆಂಬರ್ 14ರಂದು ಅವರನ್ನು ಹೊರಗೆ ಕರೆತಂದಾಗ ಅವರ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ದೊಡ್ಮನೆಯ ಅಂಗಳದಲ್ಲಿ ಬಿಸಿಲು ಕಾಣುತ್ತದೆ, ಆದ್ದರಿಂದ ಅಷ್ಟು ದೂರ ದಾರಿ ತಪ್ಪುವುದಿಲ್ಲ. ಆದರೂ ಬೆಳಿಗ್ಗೆ ಹಾಡು ಹಾಕಿದಾಗ ಏಳಬೇಕು, ದೀಪ ಆರಿಸಿದಾಗ ಮಲಗಬೇಕು, ಹಗಲು ಕಣ್ಣು ಮುಚ್ಚುವಂತಿಲ್ಲ. ಸಮಯ ನಿಮ್ಮದಾಗಿ ಉಳಿಯುವುದಿಲ್ಲ. ಮಧ್ಯಾಹ್ನದ ಬೇಸರಕ್ಕೆ ಸಂಜೆ ಯಾವಾಗ ಎಂದು ತಿಳಿಯದಿದ್ದರೆ ಆ ಬೇಸರ ಎರಡರಷ್ಟಾಗುತ್ತದೆ.

ಅಮ್ಮ ಹೇಳಿದ ಎದ್ದು ಹೋಗುವ ಮಾತಿಗೆ ಬರೋಣ. ನಮ್ಮ ಮನೆಗಳಲ್ಲಿ ಜಗಳ ಹೇಗೆ ಮುಗಿಯುತ್ತದೆ ಎಂದು ಗಮನಿಸಿದ್ದೀರಾ? ತರ್ಕದಿಂದ ಮುಗಿಯುವುದು ಅಪರೂಪ. ಒಬ್ಬರು ಹಾಲು ತರುವ ನೆಪ ಮಾಡಿ ಚಪ್ಪಲಿ ಮೆಟ್ಟುತ್ತಾರೆ. ಇನ್ನೊಬ್ಬರು ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ಗೋಳು ಹೇಳಿಕೊಳ್ಳುತ್ತಾರೆ. ಅತ್ತೆ ದೇವರ ಕೋಣೆಗೆ ಹೋಗುತ್ತಾರೆ, ಮಾವ ವಾಕಿಂಗಿಗೆ. ಮರಳಿ ಬರುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿರುತ್ತದೆ, ಯಾರೂ ಕ್ಷಮೆ ಕೇಳದೆಯೇ ಊಟಕ್ಕೆ ಎಲೆ ಬೀಳುತ್ತದೆ. ನಮ್ಮ ಸಭ್ಯತೆಯ ಬಹುಪಾಲು ಇಂಥ ಸಣ್ಣ ಸಣ್ಣ ಬಾಗಿಲುಗಳ ಮೇಲೆ ನಿಂತಿದೆ. ದೊಡ್ಮನೆಯಲ್ಲಿ ಅವೆಲ್ಲವನ್ನೂ ಇಟ್ಟಿಗೆಯಿಟ್ಟು ಮುಚ್ಚಿರುತ್ತಾರೆ. ಜಗಳವಾಡಿದವನ ಪಕ್ಕದ ಮಂಚದಲ್ಲೇ ಮಲಗಬೇಕು, ಬೆಳಿಗ್ಗೆ ಅವನೇ ಮಾಡಿದ ಚಪಾತಿ ತಿನ್ನಬೇಕು. ದಿನಸಿಯೂ ಅಳೆದು ಕೊಟ್ಟದ್ದು. ವಾರದ ಟಾಸ್ಕ್, ಅಂದರೆ ಒಡ್ಡಿದ ಪಂದ್ಯ, ಸೋತರೆ ಹೆಚ್ಚುವರಿ ದಿನಸಿಯ ಲಕ್ಷುರಿ ಬಜೆಟ್ ಇಲ್ಲ, ಕಾಫಿಪುಡಿಗೂ ತತ್ವಾರ. ಹೊರಗೆ ಅರ್ಧ ಲೋಟ ಹಾಲು ಎಂದರೆ ಕೆಲವೇ ರೂಪಾಯಿ. ಒಳಗೆ ಅದು ಯಾರು ಯಾರನ್ನು ಮನುಷ್ಯರೆಂದು ಎಣಿಸಿದ್ದಾರೆ ಎಂಬುದರ ಅಳತೆ.

ಇಷ್ಟಾದರೂ ಕೆಲವರು ತಾಳ್ಮೆಯಿಂದ ಇದ್ದುಬಿಡಬಹುದು. ಅದಕ್ಕಾಗಿಯೇ ನಾಮಿನೇಷನ್ ಇದೆ: ಯಾರು ಹೊರಹೋಗಬೇಕು ಎಂದು ಸ್ಪರ್ಧಿಗಳೇ ಹೆಸರು ಸೂಚಿಸುವುದು. ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯಂತ ಜಾಣತನದ, ಅತ್ಯಂತ ಕ್ರೂರವಾದ ಬಿಡಿಭಾಗ ಇದೇ. ನಿಮ್ಮ ಕಚೇರಿಯಲ್ಲಿ ಪ್ರತಿ ಸೋಮವಾರ ಇಬ್ಬರು ಸಹೋದ್ಯೋಗಿಗಳ ಹೆಸರು ಹೇಳಿ, ಅವರನ್ನು ಏಕೆ ಕೆಲಸದಿಂದ ತೆಗೆಯಬೇಕು ಎಂದು ಕಾರಣ ಕೊಡಬೇಕಾದ ನಿಯಮ ಬಂದಿತು ಎಂದುಕೊಳ್ಳಿ. ಕಾರಣವಿಲ್ಲ ಎನ್ನುವಂತಿಲ್ಲ. ಎಲ್ಲರೂ ಒಳ್ಳೆಯವರು ಎನ್ನುವಂತಿಲ್ಲ. ಮೊದಲ ವಾರ ನೀವು ಸಂಕೋಚದಿಂದ 'ಅವರು ಅಷ್ಟಾಗಿ ಬೆರೆಯುವುದಿಲ್ಲ' ಎನ್ನುತ್ತೀರಿ. ಎರಡನೇ ವಾರಕ್ಕೆ ಅದು ಸಾಲುವುದಿಲ್ಲ. ಆದ್ದರಿಂದ ಮಂಗಳವಾರದಿಂದಲೇ ನಿಮ್ಮ ಕಣ್ಣು ಕಾರಣಗಳನ್ನು ಕೂಡಿಡಲು ಶುರುಮಾಡುತ್ತದೆ: ಅವಳು ಪಾತ್ರೆ ತೊಳೆಯದೆ ಎದ್ದಳು, ಇವನು ನಾನು ಮಾತಾಡುವಾಗ ನಕ್ಕ. ಯಾರನ್ನೂ ದ್ವೇಷಿಸದ ಮನುಷ್ಯನಿಗೂ ಈ ನಿಯಮ ದ್ವೇಷದ ಖಾತೆ ತೆರೆಸುತ್ತದೆ. ಅದರ ಮೇಲೆ ವಾರಾಂತ್ಯಕ್ಕೆ 'ಉತ್ತಮ' ಯಾರು, 'ಕಳಪೆ' ಯಾರು ಎಂದು ಮತ್ತೊಂದು ಸುತ್ತು. ಕಳಪೆ ಎನಿಸಿಕೊಂಡವರಿಗೆ ಮನೆಯೊಳಗಿನ ಜೈಲು, ತರಕಾರಿ ಹೆಚ್ಚುವ ಕೆಲಸ, ರಾಗಿ ಗಂಜಿ. ರಾಗಿ ಗಂಜಿಯನ್ನು ಶಿಕ್ಷೆಯಾಗಿಸಿದ ಪಾಪ ಯಾರದೋ. ಅದರ ವಿಚಾರಣೆ ಇನ್ನೊಮ್ಮೆ ನಡೆಯಲಿ.

ಟಾಸ್ಕ್‌ಗಳಲ್ಲಿ ಎರಡು ತಂಡ ಮಾಡುವುದರ ಹಿಂದೆಯೂ ಹಳೆಯದೊಂದು ತಿಳಿವಳಿಕೆಯಿದೆ. ಮುಝಾಫರ್ ಶೆರಿಫ್ ಎಂಬ ಸಮಾಜ ಮನೋವಿಜ್ಞಾನಿ 1954ರಲ್ಲಿ ಅಮೆರಿಕದ ಒಕ್ಲಹಾಮದ ಕಾಡೊಂದರ ಶಿಬಿರಕ್ಕೆ ಹನ್ನೊಂದು-ಹನ್ನೆರಡು ವರ್ಷದ 22 ಹುಡುಗರನ್ನು ಕರೆದೊಯ್ದು ಎರಡು ಗುಂಪು ಮಾಡಿದರು. ಹಗ್ಗಜಗ್ಗಾಟ, ಬೇಸ್‌ಬಾಲ್, ಗೆದ್ದ ಗುಂಪಿಗೆ ಪದಕ ಮತ್ತು ಚಾಕು. ಕೆಲವೇ ದಿನಗಳಲ್ಲಿ ಹುಡುಗರು ಎದುರು ಗುಂಪಿನ ಬಾವುಟ ಸುಟ್ಟರು, ಕೋಣೆಗೆ ನುಗ್ಗಿದರು. ಇದಕ್ಕಿಂತ ಕುತೂಹಲದ ಸಂಗತಿ ಹಿಂದಿನ ವರ್ಷದ್ದು. 1953ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಪ್ರಯೋಗ ಮಾಡಿದಾಗ ಹುಡುಗರನ್ನು ಮೊದಲು ಒಟ್ಟಿಗೆ ಬೆರೆಯಲು ಬಿಟ್ಟು ಆಮೇಲೆ ಒಡೆದಿದ್ದರು. ಎಷ್ಟು ಕೆಣಕಿದರೂ ಅವರು ಶತ್ರುಗಳಾಗಲಿಲ್ಲ, ಪ್ರಯೋಗವನ್ನೇ ಕೈಬಿಡಬೇಕಾಯಿತು. ದೊಡ್ಮನೆಯಲ್ಲಿ ಮೊದಲ ವಾರದಿಂದಲೇ ತಂಡ, ಟಾಸ್ಕ್, ನಾಮಿನೇಷನ್ ಏಕೆ ಶುರುವಾಗುತ್ತವೆ ಎಂಬುದನ್ನು ಈ ಎರಡು ಶಿಬಿರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಊಹಿಸಬಹುದು.

ಹಾಗಾದರೆ ಇದೆಲ್ಲ ಮೊದಲೇ ಬರೆದಿಟ್ಟದ್ದೇ? ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳುವ ಪ್ರಶ್ನೆ ಇದು. ಸಂಭಾಷಣೆ ಬರೆದುಕೊಡುವ ಅಗತ್ಯವೇ ಇಲ್ಲ ಎಂಬುದು ನನ್ನ ಅನಿಸಿಕೆ. ಗದ್ದೆಗೆ ನೀರು ಹಾಯಿಸುವವನು ನೀರಿಗೆ ಏನನ್ನೂ ಹೇಳಿಕೊಡುವುದಿಲ್ಲ. ಒಂದು ಕಡೆ ಬದು ಕಟ್ಟುತ್ತಾನೆ, ಇನ್ನೊಂದು ಕಡೆ ಗುದ್ದಲಿಯಲ್ಲಿ ಎರಡು ಸಲ ಕೆರೆಯುತ್ತಾನೆ. ನೀರು ತಾನಾಗಿಯೇ ಹರಿಯುತ್ತದೆ, ತನ್ನಿಷ್ಟದಂತೆ ಹರಿದೆ ಎಂದೂ ಅಂದುಕೊಳ್ಳುತ್ತದೆ.

ಬದುವಿಗಿಂತ ಬಲವಾದದ್ದು ಕತ್ತರಿ. ಲೆಕ್ಕ ಹಾಕೋಣ. ಮನೆಯಲ್ಲಿ 17 ಮಂದಿ, ದಿನಕ್ಕೆ 17 ಗಂಟೆ ಎಚ್ಚರ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರ ಎಚ್ಚರದ ಬದುಕು 1,020 ನಿಮಿಷ. ಜಾಹೀರಾತು ಕಳೆದರೆ ರಾತ್ರಿಯ ಕಂತಿನಲ್ಲಿ ಉಳಿಯುವುದು ಒಂದು ಗಂಟೆ ಚಿಲ್ಲರೆ. ಸಮನಾಗಿ ಹಂಚಿದರೂ ತಲೆಗೆ ನಾಲ್ಕು ನಿಮಿಷ. ಹಾಗೆ ಸಮನಾಗಿ ಹಂಚುವುದೂ ಇಲ್ಲ. ನೀವು ದಿನವಿಡೀ ಹದಿನಾರು ಮಂದಿಗೆ ಅಡುಗೆ ಮಾಡಿ, ಅಳುವವರನ್ನು ಸಮಾಧಾನಪಡಿಸಿ, ಸಂಜೆ ಒಂದು ಸಲ ಸೌಟು ಎಸೆದಿರಿ ಎಂದುಕೊಳ್ಳಿ. ಆ ನಾಲ್ಕು ನಿಮಿಷದಲ್ಲಿ ಸೌಟು ಖಂಡಿತ ಇರುತ್ತದೆ. ಸುಳ್ಳು ತೋರಿಸಿದರು ಎನ್ನಲು ಬರುವುದಿಲ್ಲ, ಸೌಟು ಎಸೆದದ್ದು ನಿಜವೇ. ಉಳಿದ 1,016 ನಿಮಿಷ ಕತ್ತರಿಗೆ ಸಿಕ್ಕಿ ಬಿದ್ದುಹೋಯಿತು, ಅಷ್ಟೆ.

ಕತ್ತರಿಗೆ ಇನ್ನೂ ಸೂಕ್ಷ್ಮವಾದ ಕೆಲಸ ಗೊತ್ತು. ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೊವ್ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟದ್ದು ಇದು. ನಟನೊಬ್ಬನ ಒಂದೇ ಭಾವರಹಿತ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ನೋಡುವವರಿಗೆ ಮೊದಲು ಹಸಿವು, ಆಮೇಲೆ ದುಃಖ ಕಾಣುತ್ತದೆ. ದೊಡ್ಮನೆಯಲ್ಲಿ ಒಬ್ಬಳು ತನ್ನ ಕಷ್ಟ ಹೇಳಿಕೊಳ್ಳುವಾಗ ಇನ್ನೊಬ್ಬಳ ತುಟಿ ಕೊಂಕಾದ ಚಿತ್ರ ಬರುತ್ತದೆ. ಆ ತುಟಿ ಕೊಂಕಾದದ್ದು ಅದೇ ಮಾತಿಗೋ, ಬೆಳಗಿನ ಒಗರು ಕಾಫಿಗೋ ನಮಗೆ ತಿಳಿಯುವ ದಾರಿಯಿಲ್ಲ. ಬೇರೆ ಬೇರೆ ಹೊತ್ತಿನ ಮಾತಿನ ತುಣುಕುಗಳನ್ನು ಹೊಲಿದು ಒಂದೇ ವಾಕ್ಯ ಮಾಡುವ ಅಭ್ಯಾಸವೂ ಪಶ್ಚಿಮದ ರಿಯಾಲಿಟಿ ಟಿವಿಯಲ್ಲಿದೆ; ಅದಕ್ಕೆ ಅಲ್ಲಿನ ಎಡಿಟರ್‌ಗಳು ಇಟ್ಟಿರುವ ಹೆಸರು 'ಫ್ರಾಂಕನ್‌ಬೈಟ್'. ಮಾತಾಡುವವರ ಮುಖ ಕಾಣದೆ ಧ್ವನಿಯಷ್ಟೇ ಕೇಳಿಸುವಾಗ ಸ್ವಲ್ಪ ಕಿವಿ ನಿಮಿರಿಸಿ.

ಹೀಗೆ ನೀವು ಇಬ್ಬರಾಗುತ್ತೀರಿ. ಒಬ್ಬರು ಒಳಗೆ ಬದುಕುತ್ತಿರುವವರು. ಇನ್ನೊಬ್ಬರು ಪ್ರತಿರಾತ್ರಿ ಹೊರಗೆ ಬೆಳೆಯುತ್ತಿರುವ ಪಾತ್ರ: ಹಳ್ಳಿಯ ಮುಗ್ಧ, ಬಾಯಿ ಜೋರಿನವಳು, ಒಳಗೊಂದು ಹೊರಗೊಂದು ಆಡುವವನು. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ವೀಕ್ಷಕರ ವೋಟು ಬೀಳುವುದು ಎರಡನೆಯವರಿಗೆ, ಮನೆ ಬಿಟ್ಟು ಹೋಗಬೇಕಾದವರು ಮೊದಲನೆಯವರು. ಆದ್ದರಿಂದ ವಾರಾಂತ್ಯದಲ್ಲಿ ಸುದೀಪ್ ಬಂದು ನಿಂತಾಗ ಸ್ಪರ್ಧಿಗಳು ಅವರ ಮಾತಿಗಿಂತ ಹೆಚ್ಚಾಗಿ ಅವರ ಹುಬ್ಬನ್ನು, ಅವರು ಯಾರ ಹೆಸರಿಗೆ ನಕ್ಕರು ಎಂಬುದನ್ನು, ಯಾರಿಗೆ ಚಪ್ಪಾಳೆ ಸಿಕ್ಕಿತು ಎಂಬುದನ್ನು ಹಲ್ಲಿ ಶಕುನ ಕೇಳುವವರಂತೆ ಕೇಳುತ್ತಾರೆ. ವಾರಕ್ಕೊಮ್ಮೆ ತೆರೆಯುವ ಕಿಟಕಿ ಅದೊಂದೇ. ಆಟದ ನಡುವೆ ಬಂದು ಸೇರುವ ವೈಲ್ಡ್ ಕಾರ್ಡ್ ಸ್ಪರ್ಧಿಗೆ ಎಲ್ಲರೂ ಮುತ್ತಿಕೊಳ್ಳುವುದೂ ಇದಕ್ಕೇ: ಅವರು ಹೊರಗಿನ ಆ ಪಾತ್ರಗಳನ್ನು ನೋಡಿ ಬಂದಿರುತ್ತಾರೆ. 2025ರ ಜನವರಿಯಲ್ಲಿ ಗೆದ್ದ ಹಾವೇರಿ ಜಿಲ್ಲೆಯ ಗಾಯಕ ಹನುಮಂತ ಹೀಗೆ ನಡುವೆ ಸೇರಿದವರು.

ಒಳಗಿನ ಬದುಕಿಗೂ ಹೊರಗಿನ ಪಾತ್ರಕ್ಕೂ ಎಷ್ಟು ದೂರವಾಗಬಹುದು ಎಂಬುದಕ್ಕೆ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಅವರ ಪ್ರಸಂಗವಿದೆ. 2007ರ ಜನವರಿಯಲ್ಲಿ ಅವರು ಬ್ರಿಟನ್ನಿನ 'ಸೆಲೆಬ್ರಿಟಿ ಬಿಗ್ ಬ್ರದರ್' ಮನೆಯಲ್ಲಿದ್ದಾಗ ಸಹಸ್ಪರ್ಧಿ ಜೇಡ್ ಗೂಡಿ ಮತ್ತಿತರರು ಆಡಿದ ಮಾತುಗಳಿಗೆ ಜನಾಂಗೀಯ ನಿಂದನೆಯ ಆರೋಪ ಬಂದಿತು. ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ ನಲವತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು, ಪಾಟ್ನಾದಲ್ಲಿ ಪ್ರತಿಕೃತಿ ಸುಟ್ಟರು, ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು. ಒಳಗಿದ್ದವರಿಗೆ ಈ ಗಾಳಿಯ ಸುಳಿವೂ ಇರಲಿಲ್ಲ. ಅವರ ಮಟ್ಟಿಗೆ ಅದು ಅಡುಗೆಮನೆಯಲ್ಲಿ ಸಾರಿಗೆ ರುಚಿ ಕೊಡುವ ಸ್ಟಾಕ್ ಕ್ಯೂಬ್‌ಗಾಗಿ ನಡೆದ ಜಗಳ. ಗೂಡಿ ಶೇ 82ರಷ್ಟು ಮತಗಳಿಂದ ಹೊರಬಿದ್ದಾಗ ಬಾಗಿಲಲ್ಲಿ ಎಂದಿನ ಜನಸಂದಣಿ ಇರಲಿಲ್ಲ. ಬೇಕೆಂದೇ ಜನರನ್ನು ಬಿಟ್ಟಿರಲಿಲ್ಲ. ಶಿಲ್ಪಾ ಗೆದ್ದರು. ಮರುವರ್ಷ ಹಿಂದಿ ಬಿಗ್ ಬಾಸ್‌ಗೆ ಅವರೇ ನಿರೂಪಕಿ, ಅಲ್ಲಿಗೆ ಸ್ಪರ್ಧಿಯಾಗಿ ಬಂದವರು ಅದೇ ಗೂಡಿ. ತನಗೆ ಕ್ಯಾನ್ಸರ್ ಇದೆ ಎಂಬ ಸುದ್ದಿ ಗೂಡಿಗೆ ತಲುಪಿದ್ದು ಆ ಮನೆಯಲ್ಲಿದ್ದಾಗಲೇ. 2009ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಕನ್ನಡದಲ್ಲಿ ಈ ಎರಡು ಲೋಕಗಳು ಒಮ್ಮೆ ಆಕಸ್ಮಿಕವಾಗಿ ಮುಖಾಮುಖಿಯಾದವು. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆಯಿಂದ ಎಂಟನೇ ಸೀಸನ್ ಅರ್ಧಕ್ಕೆ ನಿಂತಿತು. ಸ್ಪರ್ಧಿಗಳು ಮನೆಗೆ ಹೋದರು, ತಮ್ಮನ್ನು ತಾವೇ ಟಿವಿಯಲ್ಲಿ, ಮೀಮ್‌ಗಳಲ್ಲಿ ನೋಡಿಕೊಳ್ಳಲು ಸುಮಾರು ಆರು ವಾರ ಸಿಕ್ಕಿತು, ಜೂನ್ ಕೊನೆಯಲ್ಲಿ ಅದೇ ಮನೆಗೆ ಮರಳಿದರು. ಎರಡನೇ ಇನಿಂಗ್ಸ್ ನೋಡುವಾಗ ನನಗೆ ಅನಿಸಿದ್ದು, ಅವರೆಲ್ಲ ಮಾತನ್ನು ತಕ್ಕಡಿಯಲ್ಲಿಟ್ಟು ಆಡುತ್ತಿದ್ದಾರೆ ಎಂದು. ತಮ್ಮ ಪಾತ್ರ ಯಾವುದೆಂದು ತಿಳಿದ ಮೇಲೆ ಅದನ್ನು ಒಂದೋ ತಿದ್ದಬೇಕು, ಇಲ್ಲವೇ ಚೆನ್ನಾಗಿ ಅಭಿನಯಿಸಬೇಕು. ಸುಮ್ಮನೆ ಇರುವುದು ಮಾತ್ರ ಆಗದು.

ಕಾನೂನಿನ ಗೋಡೆಗಳು ದೊಡ್ಮನೆಯ ಗೋಡೆಗಳಿಗಿಂತ ಎತ್ತರ ಎಂಬುದೂ ಸ್ಪರ್ಧಿಗೆ ತಿಳಿದಿರಬೇಕು. 2023ರ ಅಕ್ಟೋಬರಿನಲ್ಲಿ ಸ್ಪರ್ಧಿಯೊಬ್ಬರ ಕೊರಳಲ್ಲಿದ್ದ ಹುಲಿ ಉಗುರಿನ ಪೆಂಡೆಂಟ್ ಟಿವಿಯಲ್ಲಿ ಕಾಣಿಸಿ, ಅರಣ್ಯ ಇಲಾಖೆಯವರು ಮನೆಗೇ ಬಂದು ಅವರನ್ನು ಬಂಧಿಸಿದರು. ಜಾಮೀನು ಪಡೆದು ಅವರು ಆಟಕ್ಕೆ ಮರಳಿದರು. 2025ರ ಅಕ್ಟೋಬರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇರೆಗೆ ಬಿಡದಿಯ ಸ್ಟುಡಿಯೊಗೆ ಬೀಗ ಬಿದ್ದಾಗ ಸ್ಪರ್ಧಿಗಳನ್ನು ಹತ್ತಿರದ ರೆಸಾರ್ಟಿಗೆ ಸಾಗಿಸಿ, ಒಂದೆರಡು ದಿನಗಳಲ್ಲಿ ಮರಳಿ ಕರೆತಂದರು. ನೂರು ದಿನ ತೆರೆಯದ ಬಾಗಿಲು ಒಂದು ನೋಟಿಸಿಗೆ ತೆರೆಯಿತು.

ಹಾಗಾದರೆ ಇದು ಆಟವೋ ಕೆಲಸವೋ? ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ 2009ರ ಜೂನ್‌ನಲ್ಲಿ, ದ್ವೀಪವೊಂದರಲ್ಲಿ ಜೋಡಿಗಳನ್ನು ಪರೀಕ್ಷಿಸುವ ರಿಯಾಲಿಟಿ ಶೋ ಪ್ರಕರಣದಲ್ಲಿ, ಸ್ಪರ್ಧಿಗಳು ಉದ್ಯೋಗಿಗಳೇ ಎಂದು ತೀರ್ಪು ನೀಡಿತು. ನಿರ್ಮಾಪಕರು ಹೇಳಿದ ಹೊತ್ತಿಗೆ ಏಳುವುದು, ಹೇಳಿದ್ದನ್ನು ಮಾಡುವುದು, ಹೇಳಿದಲ್ಲಿ ಇರುವುದು ಕೆಲಸವಲ್ಲದೆ ಇನ್ನೇನು ಎಂಬುದು ಅದರ ಹಿಂದಿನ ತರ್ಕ. ನಮ್ಮಲ್ಲಿ ಆದಾಯ ತೆರಿಗೆ ಇಲಾಖೆ ಬಹುಮಾನವನ್ನು ಲಾಟರಿಯ ಸಾಲಿಗೆ ಸೇರಿಸಿದೆ. ಗೆದ್ದವರಿಗೆ 50 ಲಕ್ಷ ಎಂದು ಘೋಷಿಸುತ್ತಾರೆ. ಸೆಸ್ ಸೇರಿ ಶೇ 31.2ರಂತೆ ತೆರಿಗೆ ಕಳೆದರೆ ಉಳಿಯುವುದು ಮೂವತ್ತನಾಲ್ಕು ಲಕ್ಷದ ಆಸುಪಾಸು. ನೂರು ದಿನ ಹಾಡಿಗೆ ಎದ್ದು, ದೀಪ ಆರಿದಾಗ ಮಲಗಿ ಗಳಿಸಿದ್ದಕ್ಕೂ, ಬಸ್ ನಿಲ್ದಾಣದಲ್ಲಿ ಚೀಟಿ ಕೊಂಡು ಗಳಿಸಿದ್ದಕ್ಕೂ ಸರ್ಕಾರದ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ಆಮೇಲೆ ಏನಾಗುತ್ತದೆ ಎಂಬುದನ್ನು ಯಾವ ಕಂತೂ ತೋರಿಸುವುದಿಲ್ಲ. ದೊಡ್ಮನೆಗಿಂತ ಮುಂಚೆಯೇ ಕನ್ನಡದಲ್ಲಿ ಹಳ್ಳಿಯ ಹುಡುಗರನ್ನು ಪಟ್ಟಣಕ್ಕೆ ತಂದು ತೋರಿಸಿದ ಶೋ ಒಂದಿತ್ತು. ಅದನ್ನು ಗೆದ್ದವನು ಎಚ್.ಡಿ. ಕೋಟೆ ಕಾಡಂಚಿನ ಹಾಡಿಯ ಯುವಕ. ರಾತ್ರೋರಾತ್ರಿ ಮನೆಮಾತಾದ, ಸಿನಿಮಾಕ್ಕೆ ನಾಯಕನಾದ, 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡ. ಒಂದು ಸಾವನ್ನು ಒಂದು ಕಾರ್ಯಕ್ರಮದ ತಲೆಗೆ ಕಟ್ಟುವುದು ನ್ಯಾಯವಲ್ಲ, ನಾನು ಕಟ್ಟುತ್ತಲೂ ಇಲ್ಲ. ಆದರೆ ಆ ಹುಡುಗನನ್ನು ಕಾಡಿನಿಂದ ಕರೆತರಲು ಇದ್ದಷ್ಟು ಸಿದ್ಧತೆ, ಕ್ಯಾಮೆರಾ ಆರಿದ ಮೇಲೆ ಅವನ ಜೊತೆ ನಡೆಯಲು ಇತ್ತೇ ಎಂದು ಕೇಳದೆ ಇರಲಾರೆ. ಬ್ರಿಟನ್ನಿನಲ್ಲಿ ಆಫ್‌ಕಾಮ್ 2021ರ ಏಪ್ರಿಲ್‌ನಿಂದ ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸುವವರ ಯೋಗಕ್ಷೇಮದ ಹೊಣೆಯನ್ನು ಪ್ರಸಾರಕರ ನಿಯಮಾವಳಿಗೆ ಸೇರಿಸಿತು.

ಈಗ ನೀವು ಹೊರಗೆ ಬಂದಿದ್ದೀರಿ. ಕೈಗೆ ಮೊಬೈಲ್ ಸಿಕ್ಕಿದೆ, ಸಾವಿರಾರು ಸಂದೇಶಗಳು. ನೀವೇ ಮರೆತ ಸೌಟಿನ ಬಗ್ಗೆ ಅಪರಿಚಿತರು ಪುಟಗಟ್ಟಲೆ ಬರೆದಿದ್ದಾರೆ. ತರಕಾರಿ ಅಂಗಡಿಯವನು ಸೆಲ್ಫಿ ತೆಗೆದುಕೊಂಡು, "ಆ ಹುಡುಗಿಗೆ ನೀವು ಹಾಗೆ ಅನ್ನಬಾರದಿತ್ತು" ಎನ್ನುತ್ತಾನೆ. ಮನೆಯಲ್ಲಿ ಮೊದಲ ದಿನವೇ ಗೀಸರ್ ಆರಿಸುವ ವಿಷಯಕ್ಕೆ ಅಪ್ಪನ ಜೊತೆ ಮಾತಿಗೆ ಮಾತು ಬೆಳೆಯುತ್ತದೆ. ಅಭ್ಯಾಸಬಲದಿಂದ ಕೈ ಕೊರಳಪಟ್ಟಿಗೆ ಹೋಗುತ್ತದೆ, ಅಲ್ಲಿ ಮೈಕ್ ಇಲ್ಲ. ನೀವು ಚಪ್ಪಲಿ ಮೆಟ್ಟಿ, ಹಾಲು ತರುತ್ತೇನೆ ಎಂದು ಹೊರಗೆ ನಡೆಯುತ್ತೀರಿ. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲು ಇರುವುದು ಮನೆಯವರಿಗೆಲ್ಲ ಗೊತ್ತು, ಆದರೂ ಯಾರೂ ತಡೆಯುವುದಿಲ್ಲ.